ಗಾಯಾಳುಗಳ ಪರವಾಗಿ ಮಾತಾಡಿದವರು

ಕಳೆದ ಬೇಸಿಗೆಯಲ್ಲಿ ಮನೆಯ ಕೂಲರ್ ಕೆಟ್ಟು ನಿಂತಿತು. ರಿಪೇರಿಯವನು ನಾಳೆ, ನಾಡಿದ್ದು ಎನ್ನುತ್ತ ಬರಲೇ ಇಲ್ಲ. ಮಧ್ಯಾಹ್ನದ ಝಳ ತಾಳಲಾರದೆ ಹಳೆಯ ಗೋಣಿಚೀಲವೊಂದನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡದೆ, ಪಡಸಾಲೆಯ ಕಿಟಕಿಗೆ ಕಟ್ಟಿದೆ. ಬಿಸಿಗಾಳಿ ಅದನ್ನು ಹಾಯ್ದು ಒಳಗೆ ಬಂತು. ತೊಯ್ದ ಸೆಣಬಿನ ವಾಸನೆ, ಅದರೊಳಗೆ ಒಂದಿಷ್ಟು ಮಣ್ಣಿನದು, ಒಂದಿಷ್ಟು ಹತ್ತಿಕಾಳಿನದು... ಹಗ್ಗದ ಗಂಟು ಹಿಡಿದವಳು ಹಿಡಿದ ಹಾಗೆಯೇ ನಿಂತುಬಿಟ್ಟೆ. ಬೆನ್ನ ಹಿಂದೆ ಯಾರೋ ಬಂದು ನಿಂತಿದ್ದಾರೆ, ಇನ್ನೇನು ಬಾಯಿ ತೆರೆಯುತ್ತಾರೆ ಅನ್ನಿಸಿತು. ಮನೆಯಲ್ಲಿ ನನ್ನ ಬಿಟ್ಟರೆ ಯಾರೂ ಇರಲಿಲ್ಲ.

ಹಾಗೆ ಬೆನ್ನ ಹಿಂದೆ ನಿಂತು ಮಾತಾಡುತ್ತಿದ್ದವರು ಒಬ್ಬರೇ. ನಮಗೆ ಗಾಯದ ಆರೈಕೆ ಕಲಿಸಿದ ಹವಾಲ್ದಾರರು.

ನಾನು ಗಬ್ಬೂರಿನವಳು. ಅವ್ವ ಕಂಡವರ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದಳು. ರಾಯಚೂರಿನ ಹಾಸ್ಟೆಲಿನಲ್ಲಿದ್ದು ಮೆಟ್ರಿಕ್ ಮುಗಿಸಿ, ಸೂಲಗಿತ್ತಿ ನರ್ಸಿನ ತರಬೇತಿ ಪಡೆದು, ದೇವದುರ್ಗ ತಾಲ್ಲೂಕಿನಲ್ಲಿ ಕೆಲಸಕ್ಕೆ ಸೇರಿದ್ದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಎಲ್ಲಿ ನೋಡಿದರೂ ಭಾವಿ ತೋಡುವವರು, ಬಂಡೆಗೆ ಮದ್ದು ಇಟ್ಟು ಸಿಡಿಸುವವರು. ರಸ್ತೆಗೆ ಲಾರಿಗಳು ಹೆಚ್ಚಿದ್ದವು. ಕೈಕಾಲು ಒಡೆದುಕೊಂಡು ಬರುವ ಜನವೂ ಹೆಚ್ಚಿದ್ದರು. ನಮಗೆ ಹೆರಿಗೆ ಗೊತ್ತಿತ್ತು, ಸೂಜಿ ಚುಚ್ಚುವುದು ಗೊತ್ತಿತ್ತು. ಆದರೆ ಹರಿಯುವ ನೆತ್ತರನ್ನು ಕಂಡರೆ ಆಸ್ಪತ್ರೆಯ ಜೀಪಿನ ದಾರಿ ಕಾಯುವುದಷ್ಟೇ ಗೊತ್ತಿತ್ತು. ಜೀಪು ಬರುವ ಹೊತ್ತಿಗೆ ಬಹಳ ಸಲ ಕೆಲಸ ಮುಗಿದಿರುತ್ತಿತ್ತು. ಅದಕ್ಕೇ ನಮ್ಮಂಥ ಹಳ್ಳಿ ನರ್ಸುಗಳನ್ನೆಲ್ಲ ರಾಯಚೂರಿಗೆ ಕರೆಸಿ ಗಾಯದ ಪಾಠ ಹೇಳಿಸಬೇಕೆಂದು ಮೇಲಿನವರು ಗೊತ್ತು ಮಾಡಿದರು. ಪಾಠಕ್ಕೆ ಮಾನ್ವಿಯಿಂದ ಬಂದವರು ಈ ಹವಾಲ್ದಾರರು. ಮಿಲಿಟರಿಯಲ್ಲಿ ಗಾಯಾಳುಗಳನ್ನು ಹೊತ್ತು ತರುವ, ಕಟ್ಟು ಕಟ್ಟುವ ಕೆಲಸ ಮಾಡಿ ನಿವೃತ್ತರಾದವರು.

ಸಣಕಲು ದೇಹ, ಇಸ್ತ್ರಿ ಮಾಡಿದ ಖಾಕಿ ಅಂಗಿ, ಮೆಹಂದಿ ಹಚ್ಚಿದ ಮೀಸೆ, ಬಿಳಿ ಕ್ಯಾನ್ವಾಸ್ ಬೂಟು. ಆ ಬೂಟಿನಿಂದಾಗಿ ಅವರು ನಡೆದರೆ ಸಪ್ಪಳವೇ ಆಗುತ್ತಿರಲಿಲ್ಲ. ಎದುರಿಗಿದ್ದರು ಅಂದುಕೊಳ್ಳುವಷ್ಟರಲ್ಲಿ ಹಿಂದೆ ಇರುತ್ತಿದ್ದರು.

ಕೋಟೆ ಗೋಡೆಯ ಹತ್ತಿರ ಹಳೆಯ ಕಟ್ಟಡವೊಂದರ ಹಿಂದಿನ ಕೋಣೆ ನಮ್ಮ ತರಗತಿ. ದಪ್ಪ ಕಲ್ಲಿನ ಗೋಡೆ, ಗೇಣುದ್ದದ ಕಿಟಕಿಗಳು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿದ್ದರೆ ಒಳಗೆ ಸಂಜೆಯಂಥ ಬೆಳಕು. ಗೋಡೆಗುಂಟ ಹವಾಲ್ದಾರರ ಬೊಂಬೆಗಳು ಮಲಗಿದ್ದವು. ಗೋಣಿಚೀಲ ಹೊಲಿದು, ಮರಳು, ಹತ್ತಿಕಾಳು ತುಂಬಿ, ಅಂಗಿ ಧೋತರ ಉಡಿಸಿದ ಆಳೆತ್ತರದ ಬೊಂಬೆಗಳು. ಪಾಠಕ್ಕೆ ಮೊದಲು ಅವುಗಳ ಮೇಲೆ ಕೊಡಗಟ್ಟಲೆ ನೀರು ಸುರಿಯುತ್ತಿದ್ದರು. ತೊಯ್ದರೆ ಭಾರವಾಗುತ್ತವೆ.

"ಬೇಶುದ್ಧ ಆದ ಮನಶ್ಯಾ ಇಷ್ಟ ಭಾರ ಇರ್ತಾನ," ಎಂದು ಮೊದಲ ದಿನವೇ ಹೇಳಿದರು. "ಎತ್ತಿ ನೋಡ್ರಿ."

ಎತ್ತಿದೆವು. ಸತ್ತವರನ್ನು ಎತ್ತಿದಂತಿತ್ತು. ದಿನಾ ಬೆಳಿಗ್ಗೆ ಬೀಗ ತೆಗೆದು ಒಳಗೆ ಕಾಲಿಟ್ಟಾಗ, ನಿನ್ನೆ ಮಲಗಿಸಿದ ಕಡೆಯಿಂದ ಅವು ಚೂರು ಸರಿದಿವೆ ಅನ್ನಿಸುತ್ತಿತ್ತು. ನನಗೊಬ್ಬಳಿಗೇ ಅಲ್ಲ. ನನ್ನ ಜೊತೆಗೆ ಬಂದಿದ್ದ ಜಾಲಹಳ್ಳಿಯ ಈರಮ್ಮ ಒಂದು ದಿನ ಬೊಂಬೆಯ ಪಾದದ ಹತ್ತಿರ ಸೀಮೆಸುಣ್ಣದಿಂದ ಗೆರೆ ಎಳೆದು ಹೋದಳು. ಮರುದಿನ ನೋಡಿದರೆ ನೆಲ ತೊಳೆದಿತ್ತು, ಗೆರೆಯೇ ಇರಲಿಲ್ಲ. ಅವಳು ಮತ್ತೆ ಎಳೆಯಲಿಲ್ಲ.

ನಮ್ಮ ಕಣ್ಣಿಗೆ ಬಟ್ಟೆ ಕಟ್ಟಿಯೇ ಅವರು ಪಾಠ ಮಾಡುತ್ತಿದ್ದದ್ದು. ಕಸಾಯಿಖಾನೆಯಿಂದ ಆಡಿನ ನೆತ್ತರು ತರಿಸಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ, ರಬ್ಬರ್ ನಳಿಗೆಯೊಳಗಿಂದ ಬೊಂಬೆಯ ತೊಡೆಯಲ್ಲೋ ತೋಳಿನಲ್ಲೋ ಚಿಮ್ಮಿಸುತ್ತಿದ್ದರು. ಎಲ್ಲಿಂದ ಹರಿಯುತ್ತಿದೆ ಎಂದು ಕೈಯಿಂದಲೇ ಹುಡುಕಬೇಕು, ಒತ್ತಬೇಕು, ನಿಲ್ಲಿಸಬೇಕು. "ಕಣ್ಣು ಹೆದರ್ತಾವ. ಕೈ ಹೆದರೂದಿಲ್ಲ. ಕೈಗೆ ಕಲಿಸ್ರಿ," ಅನ್ನುತ್ತಿದ್ದರು. ಬೆರಳ ಸಂದಿಯಲ್ಲಿ ಜಾರುವ ಆ ಬಿಸಿ ಈಗಲೂ ಅಂಗೈಗೆ ನೆನಪಿದೆ.

ಅದನ್ನಾದರೂ ತಡೆದುಕೊಂಡೇವು. ತಡೆಯಲಾಗದಿದ್ದದ್ದು ಮಾತು.

ಗಾಯಾಳು ಪ್ರಜ್ಞೆ ತಪ್ಪದಂತೆ ಅವನನ್ನು ಮಾತಿಗೆಳೆಯುತ್ತಲೇ ಇರಬೇಕು ಎಂಬುದು ಅವರ ಪಾಠದ ಮುಖ್ಯ ಭಾಗ. ಬೊಂಬೆಯನ್ನು ಮಾತಾಡಿಸು ಎಂದರೆ ನಾವು ಮೊದಮೊದಲು ಕಿಸಕ್ಕನೆ ನಕ್ಕೆವು. ನಾನು ಕಣ್ಣು ಕಟ್ಟಿಕೊಂಡು, ತೊಯ್ದ ಚೀಲದ ತೊಡೆಯನ್ನು ಒತ್ತಿ ಹಿಡಿದು, "ಹೆಂಗದೀಯಪ್ಪಾ?" ಎಂದು ಹುಡುಗಾಟಕ್ಕೆ ಕೇಳಿದೆ. ನನ್ನ ಬೆನ್ನ ಹಿಂದಿನಿಂದ ಉತ್ತರ ಬಂತು. ಹವಾಲ್ದಾರರ ದನಿಯಲ್ಲ. ಮೀಸೆ ಕೂಡ ಮೂಡಿರದ ಹುಡುಗನ ದನಿ.

"ಪಾನೀ..."

ನಾನು ಕಣ್ಣಿನ ಬಟ್ಟೆ ಕಿತ್ತು ತಿರುಗಿ ನೋಡಿದೆ. ಅವರು ಗೋಡೆಗೆ ಒರಗಿ ನಿಂತಿದ್ದರು, ಕಣ್ಣು ಮುಚ್ಚಿತ್ತು. ಮುಖ ಅವರದೇ. ಆದರೆ ತುಟಿ ಬೇರೆಯವರ ತುಟಿಯಂತೆ ಒಣಗಿ ನಡುಗುತ್ತಿತ್ತು.

ಆಮೇಲೆ ಒಬ್ಬೊಬ್ಬರೇ ಬಂದರು. "ನನ್ನ ಕಾಲು ಇಲ್ಲೇ ಅದನೂ?" ಎಂದು ಮತ್ತೆ ಮತ್ತೆ ಕೇಳುವವನೊಬ್ಬ. ಟೈಮ್ ಎಷ್ಟು, ಟೈಮ್ ಎಷ್ಟು ಎನ್ನುವವನೊಬ್ಬ. ನಮಗೆ ತಿಳಿಯದ ಯಾವುದೋ ಭಾಷೆಯಲ್ಲಿ ಒಬ್ಬ ಹೆಂಗಸಿನ ಹೆಸರು ಹಿಡಿದು ಕರೆಯುವವನೊಬ್ಬ. ಸುಮ್ಮನೆ ನಗುವವನೊಬ್ಬ... ಅವನು ಬಂದ ದಿನ ಈರಮ್ಮ ಎದ್ದು ಹೊರಗೆ ಓಡಿದಳು. ಎಲ್ಲರೂ ಹವಾಲ್ದಾರರ ಕೈಯಲ್ಲಿ ಪ್ರಾಣ ಬಿಟ್ಟವರು ಎಂದು ನಮಗೆ ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

"ಭಾಷಾ ತಿಳೀಲಾರದಿದ್ರ ಏನ ಮಾಡ್ಬೇಕ್ರೀ ಸರ?" ಎಂದು ಯಾರೋ ಕೇಳಿದರು.

"ನಿಮ್ಮ ಭಾಷಾದಾಗ ಹೇಳ್ರಿ. ಅಂವಗ ಮಾತು ಬೇಕಿಲ್ಲ, ಮನಶ್ಯಾ ಬೇಕು."

ಅವರಲ್ಲೆಲ್ಲ ನನ್ನ ಪಾಲಿಗೆ ಬಂದವನು ಒಬ್ಬ ಪಂಜಾಬಿ. ನಾನು ಬೊಂಬೆಯ ತೊಡೆಗೆ ಬಟ್ಟೆ ಸುತ್ತಿ, ಕಟ್ಟಿಗೆ ತೂರಿಸಿ, ತಿರುವಿ ಬಿಗಿ ಮಾಡುತ್ತಿದ್ದಾಗ ಬೆನ್ನ ಹಿಂದೆ ಅವನ ದನಿ ಕೇಳಿತು. ನೋವಿನ ದನಿಯಲ್ಲ. ನಿದ್ದೆಗಣ್ಣಿನ ಮಗು ರಗಳೆ ಮಾಡುವ ದನಿ.

"ದರ್ವಾಜಾ... ಬಂದ್ ಕರ್ ದೋ ಜೀ. ಠಂಡ್ ಲಗ್ ರಹೀ ಹೈ."

ಬಾಗಿಲು ಹಾಕಬೇಕಂತೆ, ಚಳಿಯಂತೆ. ರಾಯಚೂರಿನ ಮೇ ತಿಂಗಳು. ನನ್ನ ಬೆವರು ಬೊಂಬೆಯ ಎದೆಯ ಮೇಲೆ ತೊಟ್ಟಿಕ್ಕುತ್ತಿತ್ತು. "ಇಲ್ಲಿ ಯಾವ ಬಾಗ್ಲಾ ಅದ? ಯಾವ ಬಾಗ್ಲಾನೂ ಇಲ್ಲ," ಅಂದೆ. ನಾವು ಕುಳಿತಿದ್ದು ಯುದ್ಧದ ಬಯಲು ಎಂದು ಅವರೇ ಆಗಷ್ಟೇ ಹೇಳಿದ್ದರಲ್ಲ, ಬಯಲಿಗೆ ಎಲ್ಲಿಯ ಬಾಗಿಲು?

ಕಣ್ಣಿನ ಬಟ್ಟೆ ಸರಿಸಿ ನೋಡಿದರೆ ಹವಾಲ್ದಾರರು ಕೋಣೆಯಲ್ಲೇ ಇರಲಿಲ್ಲ. ಹೊರಗೆ, ಚಪ್ಪಲಿ ಸುಡುವ ಬಿಸಿಲಲ್ಲಿ, ಕೈ ಕಟ್ಟಿಕೊಂಡು ನಿಂತಿದ್ದರು. ಅವರ ಮೈ ನಡುಗುತ್ತಿತ್ತು.

ಅವತ್ತು ಮಧ್ಯಾಹ್ನ ಊಟಕ್ಕೆ ಕುಳಿತಾಗ ಈರಮ್ಮ ಧೈರ್ಯ ಮಾಡಿ ಅವರನ್ನೇ ಕೇಳಿದಳು: "ಸರ, ಸತ್ತವ್ರು ನಿಮ್ಮ ಮೈಯಾಗ ಕುಂತಾರೇನ್ರಿ?" ಬೈಯುತ್ತಾರೆ ಅಂದುಕೊಂಡೆವು. ಅವರು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ, ನಿಜವಾಗಿಯೂ ಯೋಚನೆ ಮಾಡಿ ಉತ್ತರ ಕೊಟ್ಟರು.

"ಕುಂತಿಲ್ಲ ಬೇಟಿ. ನಿಂತಾರ. ಅವ್ರಿಗೆ ಯಾರೂ ಕುಂದರ್ರಿ ಅಂದಿಲ್ಲ."

ತರಬೇತಿ ಮುಗಿದು ನಾವು ನಮ್ಮ ನಮ್ಮ ಊರಿಗೆ ಹೋದೆವು. ನನ್ನನ್ನು ಜಾಲಹಳ್ಳಿಯ ಕಡೆಯ ಒಂದು ಹಳ್ಳಿಗೆ ಹಾಕಿದರು. ಅದಾಗಿ ಒಂದೆರಡು ಬೇಸಿಗೆ ಕಳೆದಿದ್ದವು. ಒಂದು ದಿನ ನೆತ್ತಿಯ ಮೇಲೆ ಸೂರ್ಯ ನಿಂತ ಹೊತ್ತಿನಲ್ಲಿ ಒಬ್ಬ ಸೈಕಲ್ ತುಳಿಯುತ್ತ ಬಂದ. ಅಂಗಿಯೆಲ್ಲ ಕಲ್ಲಿನ ಪುಡಿ.

"ಸಿಸ್ಟರ್, ಭಾವ್ಯಾಗ ಮದ್ದು ಹಾರೇದ್ರೀ! ಮನಶ್ಯಾ ಒಳಗ ಅದಾನ!"

ಚೀಲ ತೆಗೆದುಕೊಂಡು ಅವನ ಸೈಕಲ್ಲಿನ ಹಿಂದೆಯೇ ಕುಳಿತು ಹೋದೆ. ಊರ ಹೊರಗೆ ಕುರಿ ಸಾಕುವ, ಒಕ್ಕಲುತನ ಮಾಡುವ ಕುಟುಂಬದ ಹೊಲ. ಹೊಲದಲ್ಲೇ ಅವರ ಮನೆ. ಮನೆಯಿಂದ ಕೂಗಳತೆ ದೂರದಲ್ಲಿ ಹೊಸದಾಗಿ ತೋಡುತ್ತಿದ್ದ ಭಾವಿ. ಅವತ್ತು ಬಂಡೆಗೆ ಹಲವು ಕಡೆ ಮದ್ದು ಇಟ್ಟು ಬತ್ತಿ ಹಚ್ಚಿದ್ದರು. ಒಂದು ಮಾತ್ರ ಸಿಡಿದಿರಲಿಲ್ಲ. ಕಾದು ನೋಡಿ, ಆರಿಹೋಗಿರಬೇಕೆಂದು ಹೊಲದ ಯಜಮಾನನೇ ಕೆಳಗಿಳಿದಿದ್ದಾನೆ. ಅವನು ತಳ ಮುಟ್ಟಿದ ಮೇಲೆ ಅದು ಸಿಡಿದಿದೆ.

ಭಾವಿಯ ಸುತ್ತ ಜನ ನಿಂತಿದ್ದರು. ಒಬ್ಬರೂ ಇಳಿದಿರಲಿಲ್ಲ. "ಇನ್ನೊಂದು ಉಳದದೋ ಇಲ್ಲೋ ನನಗ ಖಾತ್ರಿ ಇಲ್ಲ," ಎಂದು ಮದ್ದು ಇಡುವವನು ತಲೆ ಮೇಲೆ ಕೈ ಹೊತ್ತು ಕುಳಿತಿದ್ದ. ಒಳಗಿನಿಂದ ಹೊಗೆ ಬರುತ್ತಿತ್ತು, ನರಳುವ ದನಿ ಬರುತ್ತಿತ್ತು. ಗಾಯಾಳುವಿನ ಹತ್ತಿರ ಹೋಗುವ ಮೊದಲು ನಿಂತು ನೋಡು, ನೀನೂ ಎರಡನೇ ಹೆಣ ಆಗಬೇಡ ಎಂದು ಹವಾಲ್ದಾರರು ಕಲಿಸಿದ್ದರು. ಅಂಚಿನಲ್ಲಿ ಬೋರಲು ಮಲಗಿ ಕೆಳಗೆ ಕೂಗಿದೆ.

"ಅಣ್ಣಾ, ನಿನ್ನ ರುಮಾಲು ಬಿಚ್ಚು! ಎಲ್ಲಿ ನೆತ್ತರ ಬರಾಕತ್ತದ ಅಲ್ಲಿ ಮ್ಯಾಲ ಬಿಗಿ! ಕೇಳಸ್ತದನು?"

"ಹೂಂ..." ಅಂದ. ಸ್ವಲ್ಪ ಹೊತ್ತು ಹಾಗೆ ಕೂಗುತ್ತ, ಹೂಂಗುಟ್ಟಿಸುತ್ತ ಇದ್ದೆ. ಆಮೇಲೆ ಹೂಂ ನಿಂತಿತು.

ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿರೆಂದೆ. ಅಲ್ಲಿದ್ದ ಮುದುಕನೊಬ್ಬ ಪಕ್ಕದವನಿಗೆ ಮೆಲ್ಲಗೆ ಕೇಳಿದ: "ಈಕಿ ಗಬ್ಬೂರಾಗ ಯಾರ ಪೈಕಿ?" ಕೇಳಿದ್ದು ನನಗೂ ಕೇಳಿಸಿತು. ಹಗ್ಗ ಹಿಡಿದವರ ಕೈ ಒಂದು ಗಳಿಗೆ ತಡೆಯಿತು. ಆ ಭಾವಿಗೆ ಇನ್ನೂ ನೀರು ಬಿದ್ದಿರಲಿಲ್ಲ. ಬಿದ್ದಿದ್ದರೆ ನಾನು ಅದರ ಅಂಚನ್ನೂ ಮುಟ್ಟುವಂತಿರಲಿಲ್ಲ. ಗಾಯಗೊಂಡವನ ಹೆಂಡತಿ ಜನರನ್ನು ನೂಕಿಕೊಂಡು ಬಂದು ತಾನೇ ಹಗ್ಗ ಹಿಡಿದಳು.

"ಇಳಸ್ರಿ ಆಕಿನ್ನ! ಇಳಸ್ತೀರೋ ನಾ ಹಾರ್ಲೋ?"

ಇಳಿಸಿದರು.

ತಳದಲ್ಲಿ ಮದ್ದಿನ ಹೊಗೆ ಕಣ್ಣು ಬಿಡಗೊಡಲಿಲ್ಲ. ಬಂಡೆ ಕಾದ ಹಂಚಿನಂತಿತ್ತು. ಕಣ್ಣು ಮುಚ್ಚಿಯೇ ಕೈಯಾಡಿಸಿದೆ. ಬಲಗಾಲಿನ ಪಾದ ಇರಬೇಕಾದ ಕಡೆ ಇರಲಿಲ್ಲ. ಅವನು ರುಮಾಲನ್ನು ತೊಡೆಗೆ ಸುತ್ತಿದ್ದ, ಬಿಗಿಯಲು ಬಲ ಸಾಲದಾಗಿತ್ತು. ಮುರಿದು ಬಿದ್ದಿದ್ದ ಸಲಿಕೆಯ ಕಾವು ಕೈಗೆ ಸಿಕ್ಕಿತು. ರುಮಾಲಿನೊಳಗೆ ತೂರಿಸಿ ತಿರುವಿದೆ. ಬೆರಳ ಸಂದಿಯಲ್ಲಿ ಹರಿಯುತ್ತಿದ್ದ ಬಿಸಿ ನಿಧಾನಕ್ಕೆ ನಿಂತಿತು. ಯಾವ ಗಳಿಗೆಯಲ್ಲಾದರೂ ಇನ್ನೊಂದು ಸಿಡಿದೀತು ಎಂಬುದು ಗೊತ್ತಿತ್ತು. ಆದರೆ ನಿಜ ಹೇಳಬೇಕೆಂದರೆ ನನಗೆ ಅದರ ಭಯ ಇರಲಿಲ್ಲ. ಬೆನ್ನ ಹಿಂದೆ, ಬಂಡೆಗೆ ಒರಗಿ, ಯಾರೋ ನಿಂತಿದ್ದರು. ಕ್ಯಾನ್ವಾಸ್ ಬೂಟಿನವರು ನಿಂತ ಹಾಗೆ, ಸಪ್ಪಳವಿಲ್ಲದೆ. ನಾನು ತಿರುಗಿ ನೋಡಲಿಲ್ಲ.

"ಮಾತಾಡಣ್ಣಾ. ನನ್ನ ಕೂಡ ಮಾತಾಡು," ಅಂದೆ.

ಅವನು ತುಟಿ ಬಿಚ್ಚಿದ.

"ಬಾಗ್ಲಾ... ಹಾಕಬೇ ಯವ್ವಾ. ಥಂಡಿ ಹತ್ತಾಕತ್ತದ."

ಭಾಷೆ ನಮ್ಮದು, ಆದರೆ ಅದೇ ರಾಗ. ನಿದ್ದೆಗಣ್ಣಿನ ಮಗುವಿನ ಅದೇ ರಗಳೆ. ಬಾಗಿಲು ಎಂದ ಮೇಲೆ ಅದೇ ತಡೆ. ನೆತ್ತರು ಹರಿದುಹೋದವರಿಗೆ ಚಳಿ ಹತ್ತುತ್ತದೆ, ಅದು ನನಗೆ ಗೊತ್ತಿದ್ದ ಪಾಠವೇ. ಆದರೆ ಈ ಕುರುಬರ ಗಂಡಸು ಆ ದನಿಯನ್ನು ಎಲ್ಲಿಂದ ತಂದ?

ಈ ಸಲ ನಾನು ಬಾಗಿಲಿಲ್ಲ ಅನ್ನಲಿಲ್ಲ. ಏನು ಹೊಳೆಯಿತೋ, ತಲೆ ಎತ್ತಿ ಮೇಲೆ ಕಾಣುತ್ತಿದ್ದ ಬಿಳಿ ಆಕಾಶದ ಕಡೆ ಇದ್ದ ಶಕ್ತಿಯೆಲ್ಲ ಕೂಡಿಸಿ ಕೂಗಿದೆ.

"ಬಾಗ್ಲಾ ಹಾಕ್ರೀ! ಯಾರರ ಹೋಗಿ ಮನಿ ಬಾಗ್ಲಾ ಹಾಕ್ರೀ!"

ಅಂಚಿನಲ್ಲಿ ಬಗ್ಗಿ ನೋಡುತ್ತಿದ್ದ ತಲೆಗಳು ಮುಖ ಮುಖ ನೋಡಿಕೊಂಡವು. ಒಂದು ತಲೆ ಮಾಯವಾಯಿತು. ಬಳೆಯ ಸಪ್ಪಳ ದೂರ ಓಡಿತು. ಎಷ್ಟು ಹೊತ್ತೋ... ಮೇಲಿನ ಲೋಕದಿಂದ ಕಟ್ಟಿಗೆಯ ದೊಡ್ಡ ಬಾಗಿಲೊಂದು ದಢಾರನೆ ಮುಚ್ಚಿದ ಸದ್ದು ಭಾವಿಯ ತಳಕ್ಕೆ ಇಳಿದು ಬಂತು.

"ಹ್ಞಾಂ," ಅಂದ ಅವನು. ಅವನ ಮೈಯ ನಡುಕ ತಗ್ಗಿತು. ಏದುಸಿರು ಒಂದು ಹದಕ್ಕೆ ಬಂತು.

ಮೇಲಿನಿಂದ ಕಂಬಳಿ ಎಸೆಯಿರೆಂದೆ, ಹೊದಿಸಿದೆ. ಮಲಗುವ ಹೊರಸನ್ನು ಹಗ್ಗಕ್ಕೆ ಕಟ್ಟಿ ಇಳಿಸಿದರು. ಅವನನ್ನು ಮೇಲಕ್ಕೆ ಎಳೆದುಕೊಂಡು, ಟ್ರ್ಯಾಕ್ಟರಿನಲ್ಲಿ ದೇವದುರ್ಗಕ್ಕೆ, ಅಲ್ಲಿಂದ ಜೀಪಿನಲ್ಲಿ ರಾಯಚೂರಿಗೆ ಕರೆದೊಯ್ದೆವು. ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾಯಿತು. ಮನುಷ್ಯ ಉಳಿದ. ಆ ಭಾವಿಯಲ್ಲಿ ಇನ್ನೊಂದು ಮದ್ದು ಉಳಿದಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಆಸ್ಪತ್ರೆಯ ಹೊರಗೆ ಬೇವಿನ ಮರದ ಕೆಳಗೆ ಕುಳಿತಿದ್ದಾಗ ಅವನ ಹೆಂಡತಿ ನನ್ನ ಕೈ ಹಿಡಿದುಕೊಂಡು ಒಂದು ಮಾತು ಹೇಳಿದಳು.

"ನೀವು ಬಾಗ್ಲಾ ಹಾಕ್ರಿ ಅಂದಾಗ ನಾ ಯಾಕ ಓಡಿದ್ನೋ ನನಗ ತಿಳೀವಲ್ದು ಸಿಸ್ಟರ್. ಹೋಗಿ ಎಳದ್ರ ಬಾಗ್ಲಾ ಬರವಲ್ದು. ಒಳಗ ಯಾರೋ ಹಿಡಕೊಂಡು ನಿಂತಂಗ ಇತ್ತು. ಮನ್ಯಾಗ ಯಾರೂ ಇದ್ದಿದ್ದಿಲ್ಲ. ಬಿಡಪ್ಪಾ, ನಮ್ಮವ್ರಿಗೆ ಥಂಡಿ ಆಗ್ಯದ ಬಿಡು, ಅಂದೆ. ಆಗ ಬಿಡ್ತು."

ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಬಾಗಿಲುಗಳು ಸಡಿಲಾಗುತ್ತವೆ. ಬಿಗಿಯಾಗುವುದಿಲ್ಲ.

ರಜೆ ಹಾಕಿ ಮಾನ್ವಿಗೆ ಹೋದೆ. ಹವಾಲ್ದಾರರು ಅಂಗಳದಲ್ಲಿ ಕುಳಿತು ಹೊರಸಿನ ನುಲಿ ಬಿಗಿಯುತ್ತಿದ್ದರು. ನಾನು ನಡೆದದ್ದನ್ನು ಹೇಳುತ್ತ ಹೋದಂತೆ ಅವರ ಕೈ ನಿಧಾನವಾಯಿತು. ಭಾವಿಯೊಳಗಿನವನ ಮಾತಿಗೆ ಬಂದಾಗ ಪೂರ್ತಿ ನಿಂತಿತು. "ಹೆಂಗ ಅಂದ? ಅಂವಾ ಅಂದಂಗ ಅಂದು ತೋರ್ಸು," ಎಂದರು. ಅಂದು ತೋರಿಸಿದೆ. ನನ್ನ ಬಾಯಿಂದ ಬಂದ ದನಿಗೆ ನಾನೇ ಬೆಚ್ಚಿದೆ.

ಹೆಂಗಸು ಹೇಳಿದ ಬಾಗಿಲಿನ ಮಾತನ್ನೂ ಹೇಳಿದೆ. ಅವರು ನುಲಿಯ ತುದಿಯನ್ನು ಹೊರಸಿನ ಕಾಲಿಗೆ ಗಂಟು ಹಾಕಿದರು.

"ಬರಫಿನ್ಯಾಗ ನಮ್ಮ ಡೇರೆ," ಎಂದರು ಕೊನೆಗೆ. "ಡೇರೆಕ ಬಾಗ್ಲಾ ಎಲ್ಲೀದು? ನಾನೂ ನಿನ್ನಂಗ ಅಂದೆ. ಇಲ್ಲಿ ಬಾಗ್ಲಾ ಇಲ್ಲ ಭಾಯಿ, ಅಂದೆ. ಅಂವಾ ನನ್ನ ಮಾರಿ ನೋಡಿದ. ಮತ್ತ ಮಾತಾಡ್ಲಿಲ್ಲ... ಇಷ್ಟು ದಿನ ಬಾಗ್ಲಾ ಹುಡಕ್ಯಾಡಾಕತ್ತಿದ್ನೇನೋ."

ಮುಂದೆ ದೇವದುರ್ಗದಲ್ಲಿ ಅವರು ಹೊಸ ನರ್ಸುಗಳಿಗೆ ಪಾಠ ಮಾಡುವಾಗ ಸಹಾಯಕ್ಕೆಂದು ನನ್ನನ್ನೂ ಕರೆದರು. ನೀರು ಕೇಳುವವನು ಬಂದ, ಟೈಮ್ ಕೇಳುವವನು ಬಂದ, ನಗುವವನು ಬಂದ. ಪಂಜಾಬಿ ಬರಲಿಲ್ಲ. ಬ್ಯಾಂಡೇಜ್ ಸುತ್ತಿಡುತ್ತಿದ್ದಾಗ ಅವನ ಬಗ್ಗೆ ಕೇಳಿದೆ. "ಅಂವಾ ಹೋದ," ಅಂದರು, ಊರಿಗೆ ಹೋದವರ ಬಗ್ಗೆ ಹೇಳಿದಷ್ಟೇ ಸಹಜವಾಗಿ. ಆ ದಿನಗಳಲ್ಲಿ ನಾನು ಅವರ ಮುಖದಲ್ಲಿ ಕಂಡ ಹಗುರ ಮತ್ತೆ ಯಾವತ್ತೂ ಕಾಣಲಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಶಕ್ತಿನಗರದ ವಿದ್ಯುತ್ ಸ್ಥಾವರದ ಹೊಗೆಗೊಳವಿಗಳು ರಾಯಚೂರಿನ ದಾರಿಯಲ್ಲಿ ದೂರದಿಂದಲೇ ಕಾಣುತ್ತಿದ್ದವು, ಆಸ್ಪತ್ರೆಗಳಿಗೆ ಹೊಸ ಜೀಪುಗಳು ಬಂದಿದ್ದವು, ಹವಾಲ್ದಾರರ ಪಾಠಗಳು ನಿಂತುಹೋಗಿದ್ದವು. ಅವರ ಹೆಂಡತಿ ಹೇಳಿಕಳಿಸಿದರು. ನಾನು ಅವರನ್ನು ಚಾಚಿ ಎನ್ನುತ್ತಿದ್ದೆ. ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮನೆ ಮುಟ್ಟಿದಾಗ ಮಧ್ಯಾಹ್ನ. ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ. ಬಾಗಿಲ ಹೊರಗೇ ನಿಂತೆ, ಒಳಗೆ ಬಹಳ ಜನ ಮಾತಾಡುತ್ತಿದ್ದರು. ನೆಂಟರು ಬಂದಿರಬೇಕು ಅಂದುಕೊಂಡೆ.

ಒಳಗೆ ಹೊರಸಿನ ಮೇಲೆ ಅವರೊಬ್ಬರೇ ಇದ್ದರು. ಜ್ವರ ನೆತ್ತಿಗೇರಿತ್ತು.

"ಡಾಕ್ಟರ್ ಬಂದು ಹೋದ್ರು ಬೇಟಿ. ಇನ್ನ ಆಗೂದಿಲ್ಲ ಅಂದ್ರು," ಎಂದರು ಚಾಚಿ ಗೋಡೆಗೆ ಆತು ಕುಳಿತು. "ಅದಕ್ಕ ನಾ ಅಂಜಿಲ್ಲ. ಯಾರಾರೋ ಬಂದು ಮಾತಾಡ್ತಾರ. ಒಬ್ರ ಹಿಂದ ಒಬ್ರು. ನಮ್ಮ ಮನಿಯವ್ರು ಮಾತ್ರ ಒಂದ ಮಾತೂ ಆಡವಲ್ರು."

ನಾನು ಹೊರಸಿನ ಪಕ್ಕ ಕುಳಿತೆ. ಕೈ ಹಿಡಿದೆ. ಅವರ ಬಾಯಿಂದ ಮಾತಾಡುತ್ತಿದ್ದವರೆಲ್ಲರೂ ನನಗೆ ಗುರುತಿನವರೇ. ನೀರು ಕೇಳುವ ಹುಡುಗನಿಗೆ ಬಟ್ಟೆ ಅದ್ದಿ ತುಟಿ ಒರೆಸಿದೆ, "ಕುಡಿ ನನ್ನಪ್ಪಾ" ಅಂದೆ. ಕಾಲು ಕೇಳುವವನಿಗೆ ಪಾದ ಮುಟ್ಟಿ ತೋರಿಸಿ, "ಇಲ್ಲೇ ಅದ ನೋಡು" ಅಂದೆ. ಹೆಂಗಸಿನ ಹೆಸರು ಕರೆಯುವವನಿಗೆ "ಬಂದೀನಿ" ಅಂದೆ. ಆ ಹೆಂಗಸು ಯಾರೋ, ಯಾವ ದೇಶದವಳೋ... ನಗುವವನ ಜೊತೆ ನಾನೂ ನಕ್ಕೆ. ಚಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಉತ್ತರ ಸಿಕ್ಕವರು ಸುಮ್ಮನಾದರು. ಹೊರಳಿ ಬರಲಿಲ್ಲ. ಬಿಸಿಲು ಹೊಸ್ತಿಲು ದಾಟಿ ಆಚೆ ಸರಿಯುವ ಹೊತ್ತಿಗೆ ಉಳಿದವನು ಒಬ್ಬನೇ.

"ಟೈಮ್ ಎಷ್ಟು?"

ತರಗತಿಯಲ್ಲಿ ನಾವು ಇವನಿಗೆ ಗಡಿಯಾರದ ಟೈಮ್ ಹೇಳುತ್ತಿದ್ದೆವು. ಅವನು ಮತ್ತೆ ಕೇಳುತ್ತಿದ್ದ.

"ಮನಿಗೆ ಹೋಗೂ ಟೈಮ್ ಆತಪ್ಪಾ," ಅಂದೆ.

ಮನೆ ನಿಶ್ಶಬ್ದವಾಯಿತು. ಅಷ್ಟು ಜನ ಎದ್ದುಹೋದ ಮೇಲೆ ಇರುತ್ತದಲ್ಲ, ಆ ನಿಶ್ಶಬ್ದ. ಚಾಚಿ ಮೆಲ್ಲಗೆ ಕೇಳಿದರು:

"ಎಲ್ಲಾರೂ ಹೋದ್ರಾ?"

"ಹೋದ್ರು ಚಾಚಿ."

"ಹಂಗಾರ... ಇವ್ರು?"

ಹವಾಲ್ದಾರರು ಕಣ್ಣು ತೆರೆದರು. ನನ್ನ ಗುರುತು ಹತ್ತಿತು. ನನ್ನ ಕೈಯೊಳಗಿದ್ದ ಅವರ ಕೈ ತಿರುಗಿ, ನನ್ನ ಮಣಿಕಟ್ಟಿನ ಮೇಲೆ ಬೆರಳಿಟ್ಟು, ನಾಡಿ ಹುಡುಕಿತು. ಸಿಕ್ಕಿದ ಮೇಲೆ ಬಿಡಲಿಲ್ಲ. ತುಟಿ ಅಲುಗಿತು. ನಾನೂ ಚಾಚಿಯೂ ಇಬ್ಬರೂ ಕಿವಿ ಹತ್ತಿರ ಒಯ್ದೆವು. ಗಾಳಿ ಬಿಟ್ಟರೆ ಏನೂ ಬರಲಿಲ್ಲ.

ಕೆಲವು ದಿನಕ್ಕೆ ಹೋದರು. ನಾನು ಆಗ ಡ್ಯೂಟಿಯ ಮೇಲೆ ದೇವದುರ್ಗದಲ್ಲಿದ್ದೆ. ಸುದ್ದಿ ಮುಟ್ಟಿದಾಗ ಮಣ್ಣು ಮುಗಿದಿತ್ತು. ಕಡೆಯವರೆಗೂ ಒಂದು ಮಾತೂ ಆಡಲಿಲ್ಲ ಎಂದು ಚಾಚಿ ಹೇಳಿದರು. ಇಷ್ಟು ವರ್ಷ ಬೇರೆಯವರಿಗೇ ಗಂಟಲು ಕೊಟ್ಟರು ಬೇಟಿ, ಎಂದು ಅತ್ತರು.

ಅವರ ನಂತರ ಕಿರಿಯ ನರ್ಸುಗಳಿಗೆ ನಾನೇ ಬಹಳ ವರ್ಷ ಕಲಿಸಿದೆ. ಹಾಗೆಲ್ಲ ದನಿ ತೆಗೆಯುವ ಉದ್ದೇಶ ನನಗಿರಲಿಲ್ಲ. ಆದರೂ ಒಂದು ದಿನ, ಕಣ್ಣು ಕಟ್ಟಿಕೊಂಡ ಹುಡುಗಿಯೊಬ್ಬಳ ಹಿಂದೆ ನಿಂತಿದ್ದಾಗ, ನನ್ನ ಗಂಟಲಿನಿಂದ ಗಂಡಸಿನ ದನಿ ಹೊರಟಿತು. ಆ ಹುಡುಗಿ ಬಟ್ಟೆ ಸರಿಸಿ, "ಮೇಡಂ, ಯಾರ್ರೀ ಅದು?" ಎಂದು ಕೇಳಿದಳು. ನನ್ನ ಕೈಯಲ್ಲಿ ಉಳಿಯದೆ ಹೋದ ಲಾರಿ ಕ್ಲೀನರ್ ಒಬ್ಬನ ದನಿ ಅದು. ಅವಳಿಗೆ ಹೇಳಲಿಲ್ಲ. ಅವನಿಗೆ ಉತ್ತರ ಕೊಡು, ಎಂದೆ.

ಈಗ ನಿವೃತ್ತಳಾಗಿ ರಾಯಚೂರಿನಲ್ಲೇ ಇದ್ದೇನೆ. ಚಾಚಿಯೂ ಇಲ್ಲ, ಈರಮ್ಮನೂ ಇಲ್ಲ. ಹವಾಲ್ದಾರರನ್ನು ಕೇಳಿ ಬಲ್ಲವರು ಇನ್ನಾರಾದರೂ ಇದ್ದಾರೋ ಇಲ್ಲವೋ. ಇದನ್ನು ಬರೆಯಲು ಕುಳಿತಾಗ ಅವರ ಮಾತುಗಳೆಲ್ಲ ಒಂದೂ ಬಿಡದೆ ನೆನಪಾದವು, ನೆನಪಾದಂತೆ ಇಲ್ಲಿ ಇಟ್ಟಿದ್ದೇನೆ. ಆದರೆ ಅವನ್ನು ಅವರು ಯಾವ ದನಿಯಲ್ಲಿ ಆಡಿದರು? ದಪ್ಪ ದನಿಯೋ, ತೆಳುವೋ, ಗಂಟಲು ಒಡೆದಂತಿತ್ತೋ... ಎಷ್ಟು ಕಿವಿಗೊಟ್ಟು ಕುಳಿತರೂ ಸಿಗುತ್ತಿಲ್ಲ. ನೀರು ಕೇಳುವ ಆ ಹುಡುಗ ಬರುತ್ತಾನೆ, ನಗುವವನು ಬರುತ್ತಾನೆ, ಭಾವಿಯೊಳಗಿನವನೂ ಬರುತ್ತಾನೆ. ಅವರು ಮಾತ್ರ ಬರುವುದಿಲ್ಲ.